ಹೊಡೆಯದ ಡಂಗುರ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಂದಗಿಯ ಬಸ್ ನಿಲ್ದಾಣದಲ್ಲಿ ಅಪ್ಪ ನನಗೆ, "ಹೋಗು, ನೀರು ಕುಡದ ಬಾ, ಕೂಸಿನ್ನ ನಾ ನೋಡ್ಕೋತೇನಿ" ಎಂದಿದ್ದ. ಅಂದಿದ್ದ ಅಂದರೆ ಅಂದಿದ್ದ. ಈ ಒಂದು ಮಾತಿಗಾಗಿ ನಾನು ಹನ್ನೊಂದು ವರ್ಷ ನನ್ನ ಕಿವಿಯನ್ನೇ ನಂಬದೆ ಬದುಕಿದೆ.

ಐವತ್ತರ ದಶಕದ ಸಂಗತಿ. ಆಗ ನನಗೆ ಒಂಬತ್ತು, ತಂಗಿಗೆ ಒಂದೂವರೆ. ಇಂಡಿಯಲ್ಲಿ ನಮ್ಮ ಮನೆ. ಅವ್ವ ಜ್ವರ ಬಂದು ಮಲಗಿದ್ದಳು, ತಂಗಿಗೂ ಮೈ ಸರಿಯಿರಲಿಲ್ಲ. ಸಿಂದಗಿಯ ವೈದ್ಯರೊಬ್ಬರಿಗೆ ತೋರಿಸಿಕೊಂಡು ಬರುತ್ತೇನೆಂದು ಅಪ್ಪ ಹೊರಟ. ಕೂಸನ್ನು ಎತ್ತಿಕೊಳ್ಳಲು ನಾನು. ಔಷಧ ತೆಗೆದುಕೊಂಡು ಬಂದು ನಿಲ್ದಾಣದ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಾಗ ಅಪ್ಪ ಆ ಮಾತು ಅಂದ. ತಂಗಿಯನ್ನು ಗಂಟಿನ ಪಕ್ಕ ಕೂರಿಸಿ, ಕೈಗೊಂದು ಉತ್ತತ್ತಿ ಕೊಟ್ಟು, ಅರವಟ್ಟಿಗೆಗೆ ಹೋದೆ. ಮರಳಿದಾಗ ಗಂಟು ಇತ್ತು, ಕೂಸು ಇರಲಿಲ್ಲ. ಬಸ್ಸುಗಳ ಕಡೆಯಿಂದ ಓಡಿ ಬಂದ ಅಪ್ಪ, "ಕೂಸು ಎಲ್ಲೈತಿ?" ಎಂದು ನನ್ನನ್ನೇ ಕೇಳಿದ!

ಮನೆಗೆ ಬಂದು ಅವ್ವನಿಗೆ ನಡೆದದ್ದು ನಡೆದ ಹಾಗೆ ಹೇಳಿದೆ. ಅಪ್ಪ ತಲೆ ತಗ್ಗಿಸಿ, "ನಾ ಹಂಗ ಅಂದೇ ಇಲ್ಲ. ತಿಕೀಟ ತರಾಕ ಹೋಗಿದ್ದೆ. ಹುಡುಗಿ ಅಂಜಿ ಏನೇನೋ ಅಂತೈತಿ, ಅದಕ್ಕೇನೂ ಅನಬ್ಯಾಡ" ಎಂದ. ಎಷ್ಟು ಮೆತ್ತಗೆ ಅಂದನೆಂದರೆ, ನಾನೂ ನಂಬಿದೆ.

ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಅದುವರೆಗೆ ದಿನಾ ಬೆಳಿಗ್ಗೆ ನನ್ನನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ತಲೆ ಹಿಕ್ಕಿ, ಎರಡು ಹೆರಳು ಹಾಕುತ್ತಿದ್ದಳು. ಅಂದಿನಿಂದ ಹಣಿಗೆಯನ್ನು ನನ್ನ ಕಡೆ ಸರಿಸುತ್ತಿದ್ದಳು, ಅಷ್ಟೆ. ಓಣಿಯ ಹೆಂಗಸರು ತಮ್ಮ ಕೂಸುಗಳನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟರು.

ಅಪ್ಪ ಎಂಟು ದಿನ ಹುಡುಕಲು ಹೋದ. ಬಂದು, "ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಮೂರೂ ಕಡೆ ಡಂಗುರ ಹೊಡಸೀನಿ. ಸುಳಿವಿಲ್ಲ" ಎಂದ. ಪಾಪ, ಎಷ್ಟು ಅಲೆದಾಡಿದ ಎಂದು ಊರು ಮರುಗಿತು. ಮರುವರ್ಷ ಅವ್ವ ಹರಕೆಯೆಂದು ಲಚ್ಯಾಣದ ಮಠಕ್ಕೆ ಹೋದಳು. ಲಚ್ಯಾಣ ನಮಗೆ ಹತ್ತಿರ. ಅವಳು ಬಂದದ್ದು ನಾಲ್ಕು ದಿನಕ್ಕೆ. ಬಂದ ಮೇಲೆ ಅಳುವುದನ್ನು ನಿಲ್ಲಿಸಿದಳು. ಮಠದ ಪುಣ್ಯ ಅಂದುಕೊಂಡೆ. ಹೆರಳು ಮಾತ್ರ ನಾನೇ ಹಾಕಿಕೊಂಡೆ.

ಇಪ್ಪತ್ತನೆಯ ವಯಸ್ಸಿಗೆ ಶಾಲೆಯ ಅಕ್ಕೋರಾಗಿ ನೌಕರಿ ಸಿಕ್ಕಿತು, ಅದೂ ಸಿಂದಗಿಯಲ್ಲೇ! ಮಕ್ಕಳನ್ನು ಮನೆಗೆ ಬಿಡುವಾಗ ಎರಡೆರಡು ಸಲ ಎಣಿಸುತ್ತಿದ್ದೆ. ಒಂದು ದಿನ ಶಾಲೆಯ ಮುಂದೆ ಮುದುಕನೊಬ್ಬ ಹಲಗೆ ಬಾರಿಸಿ, ಯಾರದೋ ಎಮ್ಮೆ ಕಳೆದಿದೆಯೆಂದು ಸಾರುತ್ತಿದ್ದ. ಕರೆದು ಕೇಳಿದೆ.

"ಅಜ್ಜಾ, ಹನ್ನೊಂದು ವರ್ಷದ ಹಿಂದ ಬಸ್ ಸ್ಟ್ಯಾಂಡಿನ್ಯಾಗ ಒಂದು ಹೆಣ್ಣು ಕೂಸು ಕಳದಿತ್ತು. ಡಂಗುರ ಹೊಡದವ್ರು ನೀವ ಏನ್ರಿ?"

"ಈ ಊರಾಗ ನಮ್ಮಪ್ಪನ ಹಿಂದ ಹಲಗಿ ಹಿಡದಾಂವ ನಾ ಒಬ್ಬನ ರೀ, ಅಕ್ಕೋರ. ಎಮ್ಮಿದು ಹೊಡದೇನಿ, ಎತ್ತಿಂದು ಹೊಡದೇನಿ. ಕೂಸಿಂದು ಹೊಡದಿಲ್ರಿ. ಕೂಸಿನ ಡಂಗುರ ಹೊಡದಿದ್ರ ಸಾಯೋತನಕ ಮರೀತಿದ್ನೇನ್ರಿ?"

ಆ ಶನಿವಾರವೇ ಇಂಡಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಚಪ್ಪಲಿಯನ್ನೂ ಬಿಡದೆ ಕೇಳಿದೆ: "ಸಿಂದಗ್ಯಾಗ ಡಂಗುರ ಹೊಡದೇ ಇಲ್ಲಂತ. ಯಾಕಪ್ಪಾ?"

ಅವನ ಕೈ ಮೊರದಲ್ಲೇ ನಿಂತಿತು. ಮೊರವನ್ನು ಬದಿಗೆ ಸರಿಸಿದ. "ಹುಡುಕುದೇನಿತ್ತವಾ? ಕೂಸು ಎಲ್ಲೈತಿ ಅಂತ ನನಗ ಗೊತ್ತಿತ್ತು."

ಸೊಲ್ಲಾಪುರದಲ್ಲಿದ್ದ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ, ಮೂರು ಕೂಸುಗಳನ್ನು ಮಣ್ಣಿಗಿಟ್ಟು ಬಾವಿಯ ಕಟ್ಟೆ ಹತ್ತಿ ಕುಳಿತಿದ್ದಳಂತೆ. ನಿನ್ನ ಕೂಸನ್ನು ನನ್ನ ಉಡಿಯಲ್ಲಿ ಹಾಕು ಎಂದು ಅಣ್ಣನನ್ನು ಬೇಡಿದಳಂತೆ. ಅವ್ವ ಸುತರಾಂ ಒಲ್ಲೆನೆಂದಿದ್ದಳು. ಅದಕ್ಕೇ ಸಿಂದಗಿ, ಅದಕ್ಕೇ ಬೇವಿನ ಕಟ್ಟೆ, ಅದಕ್ಕೇ ನನ್ನ ನೀರಡಿಕೆ! ನಾನು ನೀರು ಕುಡಿಯುವಷ್ಟರಲ್ಲಿ ಅತ್ತೆ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದ್ದಳು. ಆ ಎಂಟು ದಿನ ಅಪ್ಪ ಅವಳ ಮನೆಯಲ್ಲೇ ಇದ್ದ.

"ನನ್ನ ತಂಗಿ ಜೀವ ಉಳೀತು. ಕೂಸು ಚಲೋ ಐತಿ, ಸಾಲಿಗೆ ಹೊಂಟೈತಿ" ಎಂದ.

"ಮತ್ತ ನನ್ನ ಜೀವ?" ಎಂದು ಚೀರಿದೆ. "ಒಂಬತ್ತು ವರ್ಷದಾಕಿ ಮ್ಯಾಲ ಹೊರಿಸಿದೆಲ್ಲ ಯಪ್ಪಾ! ಈಗಿಂದೀಗ ಅವ್ವಗ ಹೇಳ್ತೇನಿ."

ಅಪ್ಪ ನನ್ನ ಮುಖ ನೋಡಲಿಲ್ಲ. "ಅಕಿಗೆ ಗೊತ್ತೈತಿ. ನಿಮ್ಮತ್ತಿ ಮನ್ಯಾಗ ಕೂಸೈತಿ ಅಂತ ಯಾರೋ ಅಂದ್ರು. ಲಚ್ಯಾಣ ಅಂತ ಹೇಳಿ ಸೊಲ್ಲಾಪುರಕ್ಕ ಹೋಗಿದ್ಲು. ಕೂಸು ನಿಮ್ಮತ್ತಿಗೆ ಅವ್ವಾ ಅಂತಿತ್ತಂತ. ಇಕಿ ಎತ್ತಿಕೊಂಡ್ರ ಅಳತಿತ್ತಂತ. ಬಿಟ್ಟು ಬಂದ್ಲು."

ಅಪ್ಪನದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಅವ್ವನದು? ಹತ್ತು ವರ್ಷ ಅವಳಿಗೆ ಗೊತ್ತಿತ್ತು. ನಿನ್ನ ತಪ್ಪಲ್ಲ ಎಂದು ಒಂದೇ ಒಂದು ಮಾತು ಅನ್ನಬಹುದಿತ್ತಲ್ಲ!

ಒಳಗಿಂದ ಎಲ್ಲ ಕೇಳಿಸಿಕೊಂಡ ಅವ್ವ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಹಣಿಗೆ, ಎಣ್ಣೆಯ ಬಾಟ್ಲಿ.

"ನೀ ಸಣ್ಣಾಕಿ ಇದ್ದಿ. ಹೇಳಿದ್ರ ಓಣಿಗೆಲ್ಲ ಹೇಳತಿದ್ದಿ. ನಿಮ್ಮತ್ತಿ ಬಾವಿ ಪಾಲಾಗ್ತಿದ್ಲು" ಎಂದಳು. ಆಮೇಲೆ, "ಬಾ, ತಲಿ ಹಿಕ್ಕತೇನಿ" ಎಂದು ನೆಲದ ಮೇಲೆ ಕುಳಿತಳು.

ಈ ಮಾತಿಗೆ ನಾನು ಹನ್ನೊಂದು ವರ್ಷ ಕಾದಿದ್ದೆ. ಕಾಲು ಅವಳ ಕಡೆ ಒಂದು ಹೆಜ್ಜೆ ಹಾಕಿಯೂಬಿಟ್ಟಿತು. ಅಲ್ಲೇ ನಿಂತೆ.

"ನನ್ನ ತಲಿ ನಾ ಹಿಕ್ಕೊಳ್ಳಾಕ ಕಲತು ಭಾಳ ದಿನ ಆತು ಬೇ" ಎಂದು, ಸಿಂದಗಿಯ ಬಸ್ಸಿಗೆ ಹೊರಟೆ.