ಸದಾಶಿವಯ್ಯನವರ ಹಿಮದ ಮುಳ್ಳು

ಗುಬ್ಬಿಯಲ್ಲಿ ಮುಳ್ಳಿಗೇನು ಬರವೇ? ಬೇಲಿಯಲ್ಲಿ ಜಾಲಿ, ಕೆರೆಯಂಗಳದಲ್ಲಿ ಜಾಲಿ, ಹೊಸ ಲೇಔಟಿನ ಖಾಲಿ ಸೈಟುಗಳಲ್ಲೂ ಜಾಲಿ. ಇಂಥ ಊರಲ್ಲಿ ಕೂತು ಸದಾಶಿವಯ್ಯನವರು ಹೊರದೇಶದಿಂದ ಮುಳ್ಳುಗಿಡದ ಬೀಜ ತರಿಸಿದರು. ಹಿಮದ ಬೆಟ್ಟದ ಗಿಡವಂತೆ, ಎರಿಂಜಿಯಂ ಅಂತ ಹೆಸರು. ಎಲೆಯಂಚಿಗೆಲ್ಲ ಮುಳ್ಳು, ಎರಡನೇ ವರ್ಷಕ್ಕೆ ನೀಲಿ ಹೂವು.

ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿದ ಮನುಷ್ಯ. ಅರ್ಜಿಯಲ್ಲಿ ಸಹಿ ಗೆರೆ ದಾಟಿದರೂ ವಾಪಸ್ ಕಳಿಸುತ್ತಿದ್ದರು. ನಿವೃತ್ತರಾದ ಮೇಲೆ ವಾಪಸ್ ಕಳಿಸಲು ಏನೂ ಸಿಗದೆ ಮನೆಯ ಸಾರನ್ನೇ ವಾಪಸ್ ಕಳಿಸತೊಡಗಿದರು. ಬೀಜ ಬಂದ ದಿನ, ಸದ್ಯ ನಾನು ಬದುಕಿಕೊಂಡೆ ಅಂದುಕೊಂಡರು ಹೆಂಡತಿ ದಾಕ್ಷಾಯಣಿ.

ಎಲ್ಲಿಯ ಬದುಕು! ಬೀಜಕ್ಕೆ ಮೊದಲು ಚಳಿ ತಾಗಬೇಕೆಂದು ಫ್ರಿಜ್ಜಿನಿಂದ ದೋಸೆ ಹಿಟ್ಟು ಹೊರಗೆ ಬಂತು, ಬೀಜ ಒಳಗೆ ಹೋಯಿತು. ಹಿಟ್ಟು ಹುಳಿಯಾದದ್ದಕ್ಕೂ ಬೈಗುಳ ದಾಕ್ಷಾಯಣಿಗೇ. ಬಿದರೆಹಳ್ಳಿ ಕಾವಲ್ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕಲ್ಲು ಬಂತು. ಮರಳು, ಜಲ್ಲಿ ಸುರಿದು, ಹನಿ ನೀರೂ ನಿಲ್ಲದಂತೆ ಅಂಗಳವನ್ನು ಕಲ್ಲುತೋಟ ಮಾಡಿದರು. ಬುಡದಲ್ಲಿ ತೇವ ನಿಂತರೆ ಗಿಡ ಕೊಳೆತುಹೋಗುತ್ತದೆಂದು ‘ನೀರು ಹಾಕಬಾರದು’ ಅಂತ ಬೋರ್ಡು ನೆಟ್ಟರು. ಒಳಗೆ ಯಾರೂ ಕಾಲಿಡಕೂಡದು ಅಂತ ಬಾಯಲ್ಲೇ ಕಟ್ಟಪ್ಪಣೆ. ಮಳೆ ಬಂದರೆ ಗಿಡಕ್ಕೆ ಛತ್ರಿ ಹಿಡಿದು ತಾವು ನೆನೆಯುತ್ತಿದ್ದರು.

ಮೊಳೆತದ್ದು ಮೂರು, ಉಳಿದದ್ದು ಒಂದು. ಎರಡನೇ ವರ್ಷ ಅದು ಮೊಗ್ಗಿನ ಕಡ್ಡಿ ಎತ್ತಿದಾಗ ಸದಾಶಿವಯ್ಯನವರು ಬೀದಿಗೆಲ್ಲ ಸಾರಿಬಿಟ್ಟರು. ಆ ಹೂವೊಂದು ಅರಳಿದರೆ ಸಾಕು, ಇನ್ನೇನೂ ಬೇಡವಾಗಿತ್ತು ಅವರಿಗೆ.

ಮೊಗ್ಗು ನೀಲಿಗೆ ತಿರುಗುವ ಬದಲು ಎಲೆ ಹಳದಿಗೆ ತಿರುಗಿತು. ಸದಾಶಿವಯ್ಯನವರು ಹುಡುಕಿ ಹುಡುಕಿ ಅಪರಾಧಿಯನ್ನು ಹಿಡಿದರು. ಪಕ್ಕದ ಮನೆಯ ಕನಕರಾಜು ಕಾಂಪೌಂಡಿನಾಚೆ ಕಾರು ತೊಳೆಯುತ್ತಾನಲ್ಲ, ಆ ನೀರೇ!

“ಸಾರ್, ನಾನು ತೊಳೆಯೋದೇ ಹದಿನೈದು ದಿನಕ್ಕೊಂದ್ಸಲ,” ಎಂದ ಕನಕರಾಜು.

“ನಂಗೆ ಕಾನೂನು ಹೇಳ್ಕೊಡ್ಬೇಡಪ್ಪ!” ಎಂದರು ಇವರು. ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು.

ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ನೋಡಿದರೆ ಗಿಡ ಮಲಗಿತ್ತು. ಬರಿಗೈಯಲ್ಲೇ ಹಿಡಿದೆತ್ತಿದರು. ಅಂಗೈಗೆ ಮುಳ್ಳು ನೆಟ್ಟಿತು, ಬೇರು ಕೊಳೆತು ಲೊಳಲೊಳ ಅನ್ನುತ್ತಿತ್ತು. ಬುಡದ ಮಣ್ಣು ವಿಭೂತಿ ಕಲಸಿದಂತೆ ಬೆಳ್ಳಗಿತ್ತು. ಜಲ್ಲಿಯ ಸಂದಿನಲ್ಲಿ ಬಿಲ್ವಪತ್ರೆ, ನಿನ್ನೆಯದೂ ಇತ್ತು, ಮೊನ್ನೆಯದೂ ಇತ್ತು.

“ದಾಕ್ಷಾಯಣೀ!”

ಆಕೆ ಲಿಂಗಪೂಜೆ ಮುಗಿಸಿ ಕೈಯಲ್ಲಿ ಚೆಂಬು ಹಿಡಿದೇ ಬಂದರು.

“ದಿನಾ ಇಲ್ಗೆ ಸುರೀತಿದ್ಯೇನೇ?”

“ಹೂಂ ಕಣ್ರೀ. ನೀವು ವಾಕಿಂಗ್ ಹೋದಾಗ, ಒಳಗೆ ಕಾಲಿಡ್ದೆ ಅಂಚಲ್ಲೇ ನಿಂತ್ಕೊಂಡು. ಪೂಜೆ ನೀರ್ನ ತುಳಿಯೋ ಜಾಗಕ್ಕೆ ಹಾಕಕ್ಕಾಗುತ್ತಾ? ಈ ಮುಳ್ಳಿನ ಹತ್ರ ನಾಯೀನೂ ಸುಳಿಯಲ್ಲ.”

“ನೀರು ಹಾಕ್ಬಾರ್ದು ಅಂತ ಬೋರ್ಡೇ ಹಾಕಿದೀನಲ್ಲೇ!”

“ಅಯ್ಯೋ ಶಿವನೇ, ಅದು ನೀರಾ? ತೀರ್ಥ ಅಲ್ವೇನ್ರೀ?”

ಸದಾಶಿವಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಆಕೆಯ ಕಣ್ಣು ತುಂಬಿಬಂದಿತ್ತು.

“ಹೂ ಬಿಡ್ಲಿ ಅಂತ ಬೇಡ್ಕೊಂಡೇ ಹಾಕ್ತಿದ್ದೆ ಕಣ್ರೀ. ರಿಟೈರ್ ಆದ್ಮೇಲೆ ನೀವು ನಕ್ಕಿದ್ದೇ ಈ ಗಿಡದ ಮುಂದೆ. ಅಡುಗೆಮನೆ ಕಿಟಕೀಲಿ ನಿಂತ್ಕೊಂಡು ನೋಡ್ತಿದ್ದೆ. ಇದೂ ಹೋದ್ರೆ ಆ ನಗು ಇನ್ನೆಲ್ಲಿ ನೋಡ್ಲಿ ನಾನು?”

ಸದಾಶಿವಯ್ಯನವರು ಕೈಯಲ್ಲಿದ್ದ ಗಿಡ ಕೆಳಗಿಟ್ಟು ಕಲ್ಲಿನ ಮೇಲೆ ಕೂತರು. ಆಕೆ ಕಟ್ಟಪ್ಪಣೆ ಮರೆತು ತೋಟದೊಳಗೆ ಬಂದು, ಪಕ್ಕದಲ್ಲಿ ಕೂತು, ಗಂಡನ ಅಂಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಮುಳ್ಳು ಕೀಳತೊಡಗಿದರು.

ಸದಾಶಿವಯ್ಯನವರು ಕೇಳಿದರು, “ಅಷ್ಟೊಂದು ಸಿಡುಕೇನೇ ನಾನು?”

ದಾಕ್ಷಾಯಣಿ ತಲೆ ಎತ್ತಲಿಲ್ಲ. “ಇಷ್ಟು ಮುಳ್ಳಿರೋ ಈ ಗಿಡಕ್ಕೂ ಎರಡು ವರ್ಷಕ್ಕೆ ಮೊಗ್ಗು ಬಂತು,” ಎಂದರು.