ಬ್ಯಾಕಪ್ ಸಾರು

ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ ನಮ್ಮ ಮೇಡಂ ಸ್ಟೀಲ್ ಚಮಚ ಸಿಕ್ಕಿಸುತ್ತಿದ್ದರು. ಸೀರೆ, ಅದರ ಮೇಲೆ ಸರ್ವರ್ ರೂಮಿನ ಚಳಿಗೆಂದು ಗಂಡಸರ ಅಳತೆಯ ದಪ್ಪ ಜಾಕೆಟ್ಟು, ಅದರ ಎದೆಜೇಬಿನಿಂದ ಇಣುಕುವ ಚಮಚ. ಆಕ್ಲೆಂಡಿನ ಒಂದು ವಿಶ್ವವಿದ್ಯಾಲಯದ ಸಕಲ ವಿದ್ಯೆಗೂ ಆ ಚಮಚವೇ ಕಾವಲಿತ್ತು ಎಂದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಸ್ವಲ್ಪ ತಾಳಿ.

ಇದು ೨೦೧೦ರ ದಶಕದ ಮಾತು. ಮೇಡಂ ಮೈಸೂರಿನವರು, ಬ್ಯಾಕಪ್ ವಿಭಾಗದ ಮುಖ್ಯಸ್ಥೆ. ನಾನು ಕಲಬುರಗಿಯಿಂದ ಹೋಗಿ ಅವರ ಕೈಕೆಳಗೆ ಸೇರಿದವನು. ಕುಲಪತಿಯನ್ನೂ ಹೆಸರು ಹಿಡಿದು ಕೂಗುವ ಆ ದೇಶದಲ್ಲಿ ಅವರನ್ನು ಮೇಡಂ ಎನ್ನುತ್ತಿದ್ದವನು ನಾನೊಬ್ಬನೇ. ಕೆಲಸ ಸರಳ. ಸರ್ವರುಗಳಲ್ಲಿ ಇರುವುದೆಲ್ಲದರ ನಕಲು ಪ್ರತಿ ರಾತ್ರಿ ಇನ್ನೊಂದು ಕ್ಯಾಂಪಸ್ಸಿಗೆ ಹೋಗಬೇಕು. ಅಲ್ಲಿ ಟೇಪಿಗಿಳಿದು, ಇನ್ನೂ ದೂರದ ಭದ್ರ ಕೋಣೆ ಸೇರಬೇಕು. ಮಲಗಿದ ಜ್ವಾಲಾಮುಖಿಗಳ ಮೇಲೆ ಕಟ್ಟಿದ ಊರಿನಲ್ಲಿ ಎಲ್ಲವನ್ನೂ ಒಂದೇ ಕಡೆ ಇಡುವುದು ಜಾಣತನವಲ್ಲ. ಬೆಳಿಗ್ಗೆ ಪರದೆಯ ಮೇಲೆ ಹಸಿರು ಗುರುತು ಕಂಡರೆ ಎಲ್ಲ ಕ್ಷೇಮ.

ಮೇಡಂ ಹಸಿರು ಗುರುತನ್ನು ನಂಬುತ್ತಿರಲಿಲ್ಲ. "ಹೋಯ್ತು ಅಂತ ಎಲ್ರೂ ಹೇಳ್ತಾರಪ್ಪಾ. ವಾಪಸ್ ಬರುತ್ತಾ, ಅದು ಹೇಳು" ಎನ್ನುವರು.

ಅದಕ್ಕಾಗಿ ಅವರದೊಂದು ವ್ರತವಿತ್ತು. ಸಂಶೋಧನೆಯ ಸರ್ವರಿನಲ್ಲಿ ತಮ್ಮ ತಿಳಿಸಾರಿನ ವಿಧಾನವನ್ನು ಒಂದು ಫೈಲಾಗಿ ಇಟ್ಟಿದ್ದರು. ಗುರುವಾರ ಸಂಜೆ ಅದರಲ್ಲಿ ಏನಾದರೊಂದನ್ನು ಯಾರಿಗೂ ಹೇಳದೆ ತಿದ್ದುವರು: ಒಮ್ಮೆ ಹುಳಿ ಹೆಚ್ಚು, ಒಮ್ಮೆ ಇಂಗು ಕಡಿಮೆ. ಶುಕ್ರವಾರ ಬೆಳಿಗ್ಗೆ ನಾನು ಮೂಲವನ್ನು ನೋಡದೆ, ಬ್ಯಾಕಪ್ಪಿನಿಂದ ತೆಗೆದ ನಕಲಿನಲ್ಲಿ ಇದ್ದಂತೆಯೇ ಸ್ಟಾಫ್ ಕಿಚನ್ನಿನಲ್ಲಿ ಸಾರು ಮಾಡಬೇಕು. ಮಧ್ಯಾಹ್ನ ಮೇಡಂ ಚಮಚ ಹಿರಿದು, ರುಚಿ ನೋಡಿ, ಹಿಂದಿನ ಸಂಜೆಯ ತಿದ್ದುಪಡಿ ಗುರುತಿಸಿ, "ನಿನ್ನೇದೇ" ಎಂದರೆ ಬ್ಯಾಕಪ್ ಪಾಸು. ಒಗ್ಗರಣೆಯ ಹೊಗೆಗೆ ಒಮ್ಮೆ ಫೈರ್ ಅಲಾರಂ ಹೊಡೆದು ಪ್ರಾಧ್ಯಾಪಕರೆಲ್ಲ ರಸ್ತೆಗಿಳಿದದ್ದೂ ಉಂಟು.

ಎಂದೂ ಬದಲಾಗದ್ದೆಂದರೆ ಬೆಲ್ಲ.

"ಮೇಡಂ, ಸಾರಿನಾಗ ಬೆಲ್ಲ ಹಾಕಿದ್ರ ಅದು ಪಾಯಸ ಆಗ್ತದ್ರಿ."

"ನಾನಿಲ್ಲಿ ಇರೋ ತನಕ ಬೆಲ್ಲ ಬಿದ್ದೇ ಬೀಳುತ್ತೆ ಕಣಪ್ಪಾ. ಮೂಗು ಹಿಡ್ಕೊಂಡು ಕುಡಿ."

ಈ ಸಾರನ್ನು ಕಾಫಿ ಮಗ್ಗಿನಲ್ಲಿ ಕುಡಿಯಲು ತಪ್ಪದೆ ಬರುತ್ತಿದ್ದವಳು ಟೂಯಿ ಹಕ್ಕಿಯ ಹಾಡಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ನ್ಯೂಜಿಲೆಂಡಿನ ಹುಡುಗಿ. ಒಂದು ವಾರ ಅವಳು ಕಾಡಿನಿಂದ ಮರಳಿ, ಇಡೀ ವಸಂತದ ಧ್ವನಿಮುದ್ರಣಗಳನ್ನು ಅದೇ ಸರ್ವರಿಗೆ ತುಂಬಿ, ರೆಕಾರ್ಡರನ್ನು ಅಳಿಸಿ ಮುಂದಿನ ಪ್ರವಾಸಕ್ಕೆ ಸಿದ್ಧಮಾಡಿಕೊಂಡಿದ್ದಳು. ಆ ಶುಕ್ರವಾರ ಮೇಡಂ ಚಮಚ ಬಾಯಿಗಿಟ್ಟು, ಮತ್ತೊಮ್ಮೆ ಅದ್ದಿ ನೋಡಿದರು.

"ಮೆಣಸು ಎಲ್ಲಪ್ಪಾ?"

"ಫೈಲಿನಾಗ ಇದ್ದಷ್ಟೇ ಹಾಕೀನ್ರಿ."

"ನಿನ್ನೆ ಎರಡರಷ್ಟು ಮಾಡಿಟ್ಟಿದ್ದೆ. ಇದು ಹೋದ ವಾರದ ಸಾರು."

ಪರದೆ ಹಸಿರಾಗಿಯೇ ಇತ್ತು. ನಮ್ಮ ಮ್ಯಾನೇಜರ್, ಯಂತ್ರ ಸರಿಯಿದೆ, ಮೇಡಂಗೆ ನೆಗಡಿಯಿರಬೇಕು ಎಂದ. ಮೇಡಂ ಅವನತ್ತ ನೋಡಲಿಲ್ಲ. ಹುಡುಗಿಯತ್ತ ತಿರುಗಿ, ಹಕ್ಕಿಗಳ ಇನ್ನೊಂದು ಕಾಪಿ ನಿನ್ನ ಬಳಿ ಇದೆಯೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಅವಳ ಮಗ್ಗು ಬಾಯಿಯ ಹತ್ತಿರವೇ ನಿಂತಿತು. ಇರಲಿಲ್ಲ.

ಹುಡುಕಿದಾಗ ತಿಳಿದದ್ದು ಇಷ್ಟು: ಸರ್ವರಿನವರು ಆ ವಾರ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸಿದ್ದರು, ಬ್ಯಾಕಪ್ಪಿಗೆ ಯಾರೂ ಹೇಳಿರಲಿಲ್ಲ. ಖಾಲಿ ಮಾಡಿದ ಮನೆಯ ಬಾಗಿಲಿಗೆ ದಿನವೂ ಹಾಲಿಟ್ಟು ಹೋಗುವವನಂತೆ ಅದು ಹಳೆಯ ಡಿಸ್ಕನ್ನೇ ನಕಲು ಮಾಡಿ, ಕರ್ತವ್ಯ ಮುಗಿಯಿತೆಂದು ಹಸಿರು ಗುರುತು ಹಾಕುತ್ತಿತ್ತು. ಮೇಡಂ ಊಟ ಬಿಟ್ಟೆದ್ದು, ಹೊಸ ಡಿಸ್ಕು ಪೂರ್ತಿ ನಕಲಾಗುವ ತನಕ ಜಾಕೆಟ್ ಕಳಚಲಿಲ್ಲ.

ಮುಂದಿನ ವಾರವೇ ಆ ಹೊಸ ಡಿಸ್ಕು ಸತ್ತಿತು. ನಕಲಿನಿಂದ ತೆಗೆದ ಮೊದಲ ಧ್ವನಿಮುದ್ರಣವನ್ನು ನಾನು ಹಾಕಿದಾಗ, ಫ್ಯಾನುಗಳ ಗುಂಯ್‌ಗುಡುವಿಕೆಯ ನಡುವೆ ಟೂಯಿ ಒಂದು ಹಾಡಿತು. ಹುಡುಗಿ ಮೇಡಂ ಅವರನ್ನು ತಬ್ಬಿದಳು. ಜೇಬಿನ ಚಮಚ ಚುಚ್ಚಿತು; ಅವಳು ಅತ್ತದ್ದು ಸಂತೋಷಕ್ಕೋ ನೋವಿಗೋ ಗೊತ್ತಾಗಲಿಲ್ಲ. ಆ ಶುಕ್ರವಾರ ಮ್ಯಾನೇಜರ್ ತಾನೇ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಿದ್ದ.

ಕೆಲವು ವರ್ಷಗಳ ಬಳಿಕ ಮೇಡಂ ನಿವೃತ್ತರಾಗಿ ದಕ್ಷಿಣ ದ್ವೀಪದ ನೆಲ್ಸನ್‌ಗೆ, ಮಗಳ ಮನೆಗೆ ಹೊರಟರು. ಅವರ ಕೊನೆಯ ಶುಕ್ರವಾರ ನಕಲು ತೆರೆದೆ. ಬೆಲ್ಲದ ಸಾಲೇ ಇಲ್ಲ. ಫೈಲು ಕೆಟ್ಟಿತೆಂದು ಮತ್ತೆ ತೆಗೆದೆ; ಮತ್ತೂ ಇಲ್ಲ. ಇದ್ದಂತೆಯೇ ಮಾಡಿ ಮುಂದಿಟ್ಟೆ.

ಮೇಡಂ ಒಂದು ಚಮಚ ಕುಡಿದು ಮುಖ ಕಿವುಚಿದರು. "ಒಂಚೂರೂ ಚೆನ್ನಾಗಿಲ್ಲ."

ನಾನು ಮೂರನೇ ಸಲ ಫೈಲು ತೆಗೆಯಲು ಎದ್ದೆ.

"ಆದ್ರೆ ನಿನ್ನೇದೇ ಕಣಪ್ಪಾ. ಇನ್ಮೇಲೆ ನಿನ್ನಿಷ್ಟದ ಸಾರು ಮಾಡ್ಕೊ."

ಮೇಡಂ ಈಗಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದೇನೆ; ಹಸಿರು ಗುರುತನ್ನು ನಾನೂ ನಂಬುವುದಿಲ್ಲ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ಮನೆಯಲ್ಲಿ ಸಾರು ಮಾಡುವ ದಿನ, ಮೇಡಂ ಆ ಸಾಲು ಅಳಿಸುವ ಮೊದಲು ಇದ್ದಂತೆ, ಒಂದು ತುಂಡು ಬೆಲ್ಲ ಹಾಕುತ್ತೇನೆ. ನನ್ನ ಹೆಂಡತಿಯೂ ಕಲಬುರಗಿಯವಳು, ಬಿಡುವವಳಲ್ಲ.

"ಇದೇನ್ರಿ ಇದು, ಬೆಲ್ಲ?"

"ಹಿಂದಿನ ವಾರದ ಕಾಪಿ," ಎನ್ನುತ್ತೇನೆ.