ತಿಂಗಳಿಗೊಂದು ಪಿಸ್ತೂಲು

ಫೇರ್‌ಫ್ಯಾಕ್ಸ್‌ನಲ್ಲಿ ನಾನು ಉಳಿದಿರುವುದು ಮುತ್ತಮ್ಮ ಆಂಟಿಯ ಮನೆಯಲ್ಲಿ. ಇವತ್ತು ವಾಷಿಂಗ್ಟನ್ ತೋರಿಸಬೇಕಿತ್ತು. "ಮ್ಯೂಸಿಯಂ ನಾಳೆನೂ ಇರತ್ತೆ, ಬಾ" ಎಂದು ರಾಜ್ಯದ ರಾಜಧಾನಿ ರಿಚ್ಮಂಡಿಗೆ ಎಳೆದುಕೊಂಡು ಬಂದಿದ್ದಾರೆ. ಒಬ್ಬರಿಗೆ ತಿಂಗಳಿಗೆ ಒಂದೇ ಪಿಸ್ತೂಲು ಮಾರಬೇಕೆಂಬ ಮಸೂದೆಯ ಮೇಲೆ ಇಲ್ಲಿ ಶಾಸಕರ ಸಮಿತಿ ಜನರ ಅಭಿಪ್ರಾಯ ಕೇಳುತ್ತಿದೆ. ಕೋಣೆ ಕಿಕ್ಕಿರಿದಿದೆ.

ಬೇಟೆ ಟೋಪಿಯವನೊಬ್ಬ, "ಇದು ನಮ್ಮ ಸಂವಿಧಾನದ ಹಕ್ಕು. ಪಾಸ್ ಮಾಡಿ ನೋಡಿ, ಕೋರ್ಟಿಗೆ ಹೋಗ್ತೀವಿ" ಎಂದು ಗುಡುಗಿ ನನ್ನ ಪಕ್ಕ ಬಂದು ಕೂತ. ಮುಂದಿನ ಸರದಿ ಆಂಟಿಯದು. ಹಿಂದೆ ನೆರಿಗೆ ಬಿಟ್ಟ ಅವರ ಸೀರೆ ನೋಡಿ, "ಇವರಿಗೇನು ಗೊತ್ತು ಬಂದೂಕು?" ಎಂದು ಗೊಣಗಿದ. ನನಗೆ ಮೈಯುರಿಯಿತು.

ಆಂಟಿ ಮೈಕಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದರು: "ನಾನು ಇಂಡಿಯಾದ ಕೊಡಗಿನವಳು. ನಮ್ಮ ಜನಕ್ಕೆ ಕೋವಿಗೆ ಲೈಸೆನ್ಸೇ ಬೇಡ. ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡ್ತೀವಿ. ನನಗೆ ಗುರಿ ಇಡೋದು ಕಲಿಸಿದ್ದು ನಮ್ಮಜ್ಜ. ಅವರಿಗೆ ಒಂದೇ ಕೋವಿ ಜೀವಮಾನವಿಡೀ ಸಾಕಾಯ್ತು. ನಿಮಗೆ ತಿಂಗಳಿಗೊಂದು ಯಾಕೆ ಸಾಲದು?"

ಮೇಜಿನ ಮೇಲೆ ಕೆಂಪು ದೀಪ ಹೊತ್ತಿತು.

"ನಿಮ್ಮ ಟೈಮ್ ಮುಗೀತು, ಮೇಡಂ" ಎಂದರು ಅಧ್ಯಕ್ಷರು.

"ನನ್ನ ಪ್ರಶ್ನೆನೂ ಮುಗೀತು. ಇನ್ನು ನೀವು ಹೇಳಿ."

ನಾನಿದನ್ನು ಬರೆಯುವಾಗಲೂ ಆಂಟಿ ಮೈಕಿನ ಮುಂದೆಯೇ ನಿಂತಿದ್ದಾರೆ.